ಹೆಸರು ಹಾಕುತ್ತಿದ್ದ ಪಾಲಯ್ಯ

ಪಾಲಯ್ಯನವರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಗೀರುಗಳಿದ್ದವು. ಒಂದರ ಮೇಲೊಂದು, ಅಡ್ಡಡ್ಡ, ಎಣಿಸಲಾಗದಷ್ಟು. ಉಳಿಯನ್ನು ಸಾಣೆಕಲ್ಲಿನ ಮೇಲೆ ಎಣ್ಣೆ ಬಿಟ್ಟು ತೀಡಿದ ಮೇಲೆ ಅದರ ಮೊನೆಯನ್ನು ಆ ಉಗುರಿನ ಮೇಲೆ ಮೆಲ್ಲಗೆ ಇಟ್ಟು ನೋಡುವುದು ಅವರ ಪದ್ಧತಿ. ಮೊನೆ ಜಾರಿದರೆ ಇನ್ನೂ ಮೊಂಡು ಎಂದರ್ಥ, ಮತ್ತೆ ಕಲ್ಲಿಗೆ ಹೋಗಬೇಕು. ಕಚ್ಚಿ ನಿಂತರೆ ಸರಿ. "ಹಿತ್ತಾಳೆಗಿಂತ ಮೊದ್ಲು ನನ್ನ ಉಗುರು ಒಪ್ಪಬೇಕು" ಎನ್ನುತ್ತಿದ್ದರು. ಉಗುರು ಬೆಳೆದಂತೆ ಹಳೆಯ ಗೀರುಗಳು ತುದಿಗೆ ಸರಿದು ಹೋಗುತ್ತಿದ್ದವು, ಬುಡದಲ್ಲಿ ಹೊಸವು ಬೀಳುತ್ತಿದ್ದವು.

ಚಳ್ಳಕೆರೆಯ ಪೇಟೆ ಬೀದಿಯಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ಅದರ ಮುಂದಿನ ಜಗಲಿಯ ಎಡಮೂಲೆ ಪಾಲಯ್ಯನವರದು. ಒಂದು ಗೋಣಿತಾಟು, ಮರಳು ತುಂಬಿದ ಚರ್ಮದ ಚೀಲ, ಏಳೆಂಟು ಉಳಿಗಳು, ಅಂಗೈಯಗಲದ ಸುತ್ತಿಗೆ, ಅರಗು ಕರಗಿಸಲು ಇದ್ದಿಲಿನ ಸಣ್ಣ ಒಲೆ. ಇಷ್ಟೇ ಅವರ ಆಸ್ತಿ. ಅಂಗಡಿಯಲ್ಲಿ ಪಾತ್ರೆ ಕೊಂಡವರು ಹೊರಗೆ ಬಂದು ಅವರ ಮುಂದೆ ಕೂತು ಹೆಸರು ಹಾಕಿಸಿಕೊಂಡು ಹೋಗುತ್ತಿದ್ದರು. ಮದುವೆಯ ಕಾಲದಲ್ಲಿ ಅವರ ಸುತ್ತ ಬಿಂದಿಗೆ, ತಂಬಿಗೆ, ತಟ್ಟೆಗಳ ರಾಶಿ ಬಿದ್ದಿರುತ್ತಿತ್ತು. ವಾರವೆಲ್ಲ ಚಳ್ಳಕೆರೆಯಲ್ಲೇ ಒಂದು ಕೋಣೆಯಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಮೊಳಕಾಲ್ಮೂರು ಕಡೆಯ ತಮ್ಮ ಹಟ್ಟಿಗೆ ಹೋಗಿ ಸೋಮವಾರ ಬರುತ್ತಿದ್ದರು.

ಈಗ ಬರೆಯುವಾಗ 'ಅವರು' ಎನ್ನುತ್ತಿದ್ದೇನೆ. ಆಗ ನಮ್ಮ ಅಂಗಡಿಯಲ್ಲಿ ಎಲ್ಲರಿಗೂ ಅವರು ಬರೀ ಪಾಲಯ್ಯ. ಅಪ್ಪನಿಗಿಂತ ಹಿರಿಯರಾದ ಅವರನ್ನು ಇಪ್ಪತ್ತೆರಡರ ನಾನೂ "ಪಾಲಯ್ಯಾ, ಬಾ ಇಲ್ಲಿ" ಎಂದೇ ಕರೆಯುತ್ತಿದ್ದೆ. ಅವರು ಮಾತ್ರ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು.

ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾನು ಟಿ.ಸಿ.ಎಚ್. ಮುಗಿಸಿ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿ ಮನೆಯಲ್ಲಿದ್ದೆ. ಸುಮ್ಮನೆ ಕೂರುವ ಬದಲು ಅಂಗಡಿಗೆ ಬಾ ಎಂದರು ಅಪ್ಪ. ನನ್ನ ಅಕ್ಷರ ದುಂಡಗಿತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು. ಗಿರಾಕಿಗಳು ಹೇಳಿದ ಹೆಸರನ್ನು ಚೀಟಿಯಲ್ಲಿ ಬರೆದು ಪಾಲಯ್ಯನವರಿಗೆ ಕೊಡುವುದು ನನ್ನ ಕೆಲಸವಾಯಿತು. ಮೊದಲ ದಿನವೇ ಅವರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಅಕ್ಷರ ಕೊರೆಯಕ್ಕೆ ಹೇಳಿ ಮಾಡ್ಸಿದಂಗೈತೆ ಟೀಚರಮ್ಮ" ಎಂದರು. ಕೆಲಸ ಸಿಗುವ ಮುಂಚೆಯೇ ನನ್ನನ್ನು ಟೀಚರಮ್ಮ ಎಂದವರು ಅವರೊಬ್ಬರೇ.

ಅವರು ಕೆಲಸ ಮಾಡುವುದನ್ನು ನೋಡುತ್ತ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಸೀಮೆಸುಣ್ಣವನ್ನು ನೀರಿನಲ್ಲಿ ಅರೆದು ಪಾತ್ರೆಯ ಹೊಟ್ಟೆಗೆ ತೆಳ್ಳಗೆ ಬಳಿಯುವರು. ಆರಿದ ಮೇಲೆ ಚೀಟಿ ನೋಡಿಕೊಂಡು ಪೆನ್ಸಿಲಿನಲ್ಲಿ ಅಕ್ಷರ ಬರೆಯುವರು. ತಗಡು ತೆಳುವಾಗಿದ್ದರೆ ಒಳಗಿನಿಂದ ಅರಗು ಮೆತ್ತುವರು, ಉಳಿಯ ಒತ್ತಡಕ್ಕೆ ತಗ್ಗು ಬೀಳದ ಹಾಗೆ. ಆಮೇಲೆ ಪಾತ್ರೆಯನ್ನು ಮರಳಿನ ಚೀಲದ ಮೇಲೆ ಕೂರಿಸಿ ಉಳಿ ಹಿಡಿದರೆ ಅವರ ಬಲಗೈ ಅಲ್ಲಾಡಿದ್ದೇ ಕಾಣುತ್ತಿರಲಿಲ್ಲ. ತಿರುಗುತ್ತಿದ್ದದ್ದು ಎಡಗೈಯಲ್ಲಿದ್ದ ಪಾತ್ರೆ. "ನಿಧಾನಂ, ನಿಧಾನಂ" ಎಂದು ತಮ್ಮ ಮನೆಮಾತು ತೆಲುಗಿನಲ್ಲಿ ಪಾತ್ರೆಗೆ ಹೇಳಿಕೊಳ್ಳುತ್ತಿದ್ದರು. ಕೂದಲಿನಂಥ ಹಿತ್ತಾಳೆಯ ಎಳೆ ಸುರುಳಿ ಸುರುಳಿಯಾಗಿ ಮೇಲೇಳುತ್ತಿತ್ತು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನಾನೂ ಒಂದು ಹಳೆಯ ತಾಮ್ರದ ತಗಡಿನ ಮೇಲೆ ಪ್ರಯತ್ನಿಸಿದೆ. ಉಳಿ ಎರಡು ಕಾಳಿನಷ್ಟು ದೂರ ಹೋಗಿ ತಗಡಿನೊಳಗೆ ಸಿಕ್ಕಿಕೊಂಡಿತು. ಜೋರಾಗಿ ತಳ್ಳಿದೆ. ಥಟ್ಟನೆ ಜಾರಿ ತಗಡಿನ ಆಚೆ ತುದಿಯವರೆಗೆ ಓಡಿತು. ಪಾಲಯ್ಯನವರು ನಕ್ಕರು.

"ಮೊದ್ಲು ಕೈ ಮೇಲಕ್ಕೆತ್ತಿದ್ರಿ, ಮೊನೆ ಒಳಗೆ ಹೊಕ್ಕಂತು. ಆಮೇಲೆ ಪೂರಾ ಕೆಳಗಿಳಿಸಿದ್ರಿ, ಜಾರ್ಕಂಡು ಓಡ್ತು. ನೇಗ್ಲು ಇದ್ದಂಗೇ ಕಣಮ್ಮ ಇದು. ನಡುವೆ ಒಂದು ಜಾಗ ಐತೆ. ಅದನ್ನ ಬಾಯಾಗೆ ಹೇಳಕ್ಕಾಗಲ್ಲ."

"ಈ ಗೀರು ಏನು ಮಾಡೋದು?"

"ತೆಳು ಗೀರಾದ್ರೆ ನುಣುಪು ಕಡ್ಡಿಯಾಗೆ ತಿಕ್ಕಿದ್ರೆ ಮುಚ್ಕಂತೈತೆ. ಆಳ ಆದ್ರೆ ಸುತ್ತ ಹೆರೆದು ಸಮ ಮಾಡ್ಬೇಕು. ಅದಕ್ಕೂ ಮೀರಿದ್ರೆ ಅದನ್ನೇ ಒಂದು ಬಳ್ಳಿ ಮಾಡ್ಬಿಡ್ಬೇಕು. ಕೈ ಅಂದ್ಮೇಲೆ ಜಾರ್ತೈತೆ. ಜಾರೋದು ತಪ್ಪಲ್ಲ, ಜಾರಿಲ್ಲ ಅನ್ನೋದು ತಪ್ಪು."

ಈ ಮಾತನ್ನು ಆಗ ಕೇಳಿಸಿಕೊಂಡೆ, ಅಷ್ಟೇ.

ಅವರ ಗುಟ್ಟು ನನಗೆ ಗೊತ್ತಾದದ್ದು ಒಂದು ತಂಬಿಗೆಯಿಂದ. ನನ್ನಿವಾಳದ ಕಡೆಯ ಹೆಂಗಸೊಬ್ಬಳು ಮಗಳಿಗೆಂದು ಹಿತ್ತಾಳೆ ತಂಬಿಗೆ ಕೊಂಡು "ಸುಶೀಲ ಅಂತ ಹಾಕ್ಸಿಡ್ರಿ, ಸಂತೆ ಮುಗಿಸಿ ಬರ್ತೀನಿ" ಎಂದು ಹೋದಳು. ಕೈಗೆ ಸಿಕ್ಕ ಕಾಗದದ ಚೂರಿನ ಮೇಲೆ ಹೆಸರು ಬರೆದುಕೊಟ್ಟೆ. ಅದು ನಮ್ಮವ್ವ ಬರೆದುಕೊಟ್ಟಿದ್ದ ದಿನಸಿ ಚೀಟಿಯ ಹಿಂಬದಿ. ಸ್ವಲ್ಪ ಹೊತ್ತಿಗೆ ತಂಬಿಗೆ ಬಂತು. ಅದರ ಹೊಟ್ಟೆಯ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ, ಎರಡು ತುದಿಗೂ ಒಂದೊಂದು ಮೊಗ್ಗಿನ ಜೊತೆ, 'ಬೆಲ್ಲ ಅರ್ಧ ಕೆ.ಜಿ.' ಎಂದಿತ್ತು.

ಮೊದಲು ಹೊಟ್ಟೆ ಹಿಡಿದು ನಕ್ಕೆ. ನಗುತ್ತಲೇ ಅವರ ಮುಖ ನೋಡಿದೆ. ನಗು ನಿಂತುಹೋಯಿತು.

"ಪಾಲಯ್ಯಾ, ನಿನಗೆ ಓದೋಕೆ..."

"ಮೆಲ್ಲಗೆ ಟೀಚರಮ್ಮ" ಎಂದರು. ಅಂಗಡಿಯೊಳಗೆ ಅಪ್ಪ ಬೆನ್ನು ತಿರುಗಿಸಿ ಡಬರಿಗಳನ್ನು ಜೋಡಿಸುತ್ತಿದ್ದರು. "ನಿಮ್ಮಪ್ಪಾರಿಗೂ ಗೊತ್ತಿಲ್ಲ. ಹೆಸರು ಹಾಕೋನಿಗೇ ಹೆಸರು ಓದಕ್ಕೆ ಬರಲ್ಲ ಅಂದ್ರೆ ಯಾರು ಪಾತ್ರೆ ಕೊಡ್ತಾರೆ ಹೇಳ್ರಿ? ತೀರಿಕೊಂಡೋರ ಹೆಸರು ತರ್ತಾರೆ, ಮನೆ ಹೆಣ್ಮಕ್ಕಳ ಹೆಸರು ತರ್ತಾರೆ. ನಂಬಿಕೆ ಮೇಲೆ ಕೊಡ್ತಾರೆ."

"ಸರಸ್ವತಿ ಆಣೆ, ನಾನು ಯಾರಿಗೂ ಹೇಳಲ್ಲ" ಎಂದೆ. ಆ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿ ಮನೆಗೆ ಒಯ್ದು, ಇನ್ನೊಂದಕ್ಕೆ ಸುಶೀಲಳ ಹೆಸರು ಹಾಕಿಸಿಟ್ಟೆ.

ಆಮೇಲೆ ನಮ್ಮಿಬ್ಬರ ನಡುವೆ ಒಂಥರದ ಸಲಿಗೆ ಬೆಳೆಯಿತು. ಅವರ ಕಥೆ ತುಂಡುತುಂಡಾಗಿ ತಿಳಿಯಿತು. ಚಿಕ್ಕಂದಿನಲ್ಲಿ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಯ ಬುಡದಲ್ಲಿ ಮೇಕೆ ಕಾಯುತ್ತಿದ್ದರಂತೆ. ಅಲ್ಲಿ ಬಂಡೆಯ ಮೇಲೆ ಕೊರೆದ ಹಳೆಯ ಅಕ್ಷರಗಳನ್ನು ಬೆರಳಿನಿಂದ ತೀಡಿ ತೀಡಿ, ಬೇರೆ ಬಂಡೆಯ ಮೇಲೆ ಕಲ್ಲುಚೂರಿನಿಂದ ಹಾಗೇ ಗೀಚುತ್ತಿದ್ದರಂತೆ. "ಅದು ಯಾರಿಗೂ ಓದಕ್ಕೆ ಬರ್ತಿರಲಿಲ್ಲ. ನಂಗೂ ಬರ್ತಿರಲಿಲ್ಲ. ಅಲ್ಲಿ ನಾನೂ ಎಲ್ಲರಂಗೇ" ಎಂದು ನಗುತ್ತಿದ್ದರು. ಮೊಳಕಾಲ್ಮೂರಿನ ಒಬ್ಬ ಆಚಾರಿಯವರು ಆ ಕೈ ನೋಡಿ ತಿದಿ ಒತ್ತುವ ಕೆಲಸಕ್ಕೆ ಕರೆದುಕೊಂಡು, ಕೊನೆಗೆ ಉಳಿಯನ್ನೂ ಕೊಟ್ಟರು. ಓದು ಕಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಕ್ಷರಗಳಿಗೆ ಅವರದೇ ಹೆಸರುಗಳಿದ್ದವು. ಠ ಎಂದರೆ ಮೇಕೆಕಣ್ಣು. ಒತ್ತಕ್ಷರಗಳೆಲ್ಲ ಮರಿಗಳು. 'ತಿಪ್ಪಮ್ಮ' ಎಂದರೆ ಎರಡು ತಾಯಿ, ಎರಡು ಮರಿ. ತೀರಿಕೊಂಡವರ ಹೆಸರಿನ ಮುಂದೆ 'ದಿ' ಬರೆದು ಎರಡು ಗೆರೆ ಎಳೆಯುತ್ತೇವಲ್ಲ, ಅದು ಎರಡು ಕೋಲು. ಹೀಗೆ ಎಣಿಸಿ ಇಟ್ಟುಕೊಂಡ ಅಕ್ಷರಗಳು ಒಂದೂ ತಪ್ಪುತ್ತಿರಲಿಲ್ಲ.

ಅದೇ ಕಾಲಕ್ಕೆ ಸಾಕ್ಷರತೆಯ ಕಾರ್ಯಕರ್ತರು ಊರೂರು ಸುತ್ತುತ್ತಿದ್ದರು. ಪೇಟೆಗೂ ಬಂದರು. ಯಾರಿಗೆ ಸಹಿ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಬರೆದುಕೊಳ್ಳುತ್ತ ಪಾಲಯ್ಯನವರ ಮುಂದೆ ಪುಸ್ತಕ ಹಿಡಿದರು. ಪಾಲಯ್ಯನವರು ಪೆನ್ನು ತೆಗೆದುಕೊಂಡು ಸೊಗಸಾಗಿ ಸಹಿ ಮಾಡಿದರು. ಆಮೇಲೆ ನೋಡಿದರೆ, ಮೇಲಿನ ಸಾಲಿನಲ್ಲಿದ್ದ ಪಕ್ಕದ ಜವಳಿ ಅಂಗಡಿಯವರ ಸಹಿಯನ್ನೇ ಕೊನೆಯ ಬಾಲದ ಸಮೇತ ಇಳಿಸಿದ್ದರು. ಕಾರ್ಯಕರ್ತರು ಹೋದ ಮೇಲೆ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಗ ನಾನು ಹೇಳಿದೆ, "ನಾನೇ ಕಲಿಸ್ತೀನಿ. ಒಂದು ತಿಂಗಳು ಸಾಕು."

ಅವರು ಉಳಿಯ ಮೊನೆ ಒರೆಸುತ್ತ, "ಬ್ಯಾಡ ಟೀಚರಮ್ಮ. ಈಗ ನಂಗೆ ಗೆರೆ ಕಾಣ್ತೈತೆ. ಕಲಿತ್ರೆ ಮಾತು ಕಾಣ್ತೈತೆ. ಮಾತು ನೋಡ್ಕಂತ ಕೂತ್ರೆ ಗೆರೆ ಕೆಡ್ತೈತೆ" ಎಂದರು.

ನಾನು ಒತ್ತಾಯ ಮಾಡಲಿಲ್ಲ. ಅವರ ಗುಟ್ಟು ನನ್ನೊಬ್ಬಳ ಕೈಯಲ್ಲಿರುವುದು ನನಗೆ ಹಿತವಾಗಿತ್ತು ಎಂದು ಈಗ ಅನಿಸುತ್ತದೆ.

ರುದ್ರಪ್ಪನವರು ಶೇಂಗಾ ಮಂಡಿಯ ವ್ಯಾಪಾರಿ, ಅಪ್ಪನ ಹಳೆಯ ಪರಿಚಯ. ತಾಯಿ ಗೌರಮ್ಮನವರು ತೀರಿಕೊಂಡು ವರ್ಷವಾಗುತ್ತಿತ್ತು. ಅವರ ನೆನಪಿಗೆ ತಮ್ಮ ಊರಿನ ಸಮುದಾಯ ಭವನಕ್ಕೆ ಒಂದು ದೊಡ್ಡ ಹಿತ್ತಾಳೆ ಕೊಪ್ಪರಿಗೆ ಕೊಡುವುದೆಂದು ನಿಶ್ಚಯಿಸಿ, ಹಾಕಿಸಬೇಕಾದದ್ದನ್ನು ಒಂದು ಕಾಗದದಲ್ಲಿ ಬರೆದು ತಂದಿದ್ದರು. ಅದನ್ನು ದೊಡ್ಡ ಅಕ್ಷರಗಳಲ್ಲಿ ಚೀಟಿಗೆ ಇಳಿಸಲು ಕೂತಿದ್ದೆ. ಅದೇ ಹೊತ್ತಿಗೆ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಓಡಿಬಂದು, ಮೇಷ್ಟ್ರುಗಳ ಆಯ್ಕೆ ಪಟ್ಟಿ ಚಿತ್ರದುರ್ಗದಲ್ಲಿ ಅಂಟಿಸಿದ್ದಾರಂತೆ ಎಂದಳು. ಅವಳ ಜೊತೆ ಮಾತಾಡುತ್ತಲೇ ಬರೆದು ಮುಗಿಸಿ, ರುದ್ರಪ್ಪನವರ ಕಾಗದವನ್ನು ಮುದುರಿ ಎಸೆದು ಎದ್ದೆ.

ಪಾಲಯ್ಯನವರು ಚೀಟಿಯನ್ನು ಎರಡು ಸಲ ನೋಡಿದರು. "ಟೀಚರಮ್ಮ, ಎರಡು ಕೋಲು ಕೆಳಗಿನ ಸಾಲಿನಾಗೆ ಐತಲ್ಲ? ಯಾವಾಗ್ಲೂ ಮೇಲಿನ ಸಾಲಿಗೆ ಬರ್ತಿತ್ತು."

"ಬರೆದ ಹಾಗೆ ಹಾಕು ಪಾಲಯ್ಯ" ಎಂದೆ, ಚೀಟಿಯ ಕಡೆ ತಿರುಗಿಯೂ ನೋಡದೆ. ಬಸ್ಸಿಗೆ ಹೊತ್ತಾಗುತ್ತಿತ್ತು.

ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಎರಡು ದಿನ ಬಿಟ್ಟು ರುದ್ರಪ್ಪನವರು ಹೆಂಡತಿ, ತಂಗಿ, ಭಾವಮೈದುನರ ಜೊತೆ ಕೊಪ್ಪರಿಗೆ ಒಯ್ಯಲು ಬಂದರು. ಅಂಗಡಿಯ ನಡುವೆ ಅದನ್ನು ಇಟ್ಟು ಅರಿಸಿನ ಕುಂಕುಮ ಹಚ್ಚಿದರು. ಅವರ ಹೆಂಡತಿ ಬಗ್ಗಿ ಗಟ್ಟಿಯಾಗಿ ಓದತೊಡಗಿದರು. "ಮಾತೃಶ್ರೀ ಗೌರಮ್ಮನವರ ನೆನಪಿಗಾಗಿ... ದಿವಂಗತ..." ಅಲ್ಲಿಗೆ ಅವರ ದನಿ ನಿಂತಿತು. ಒಂದು ಕೈ ತಾಳಿಯ ಮೇಲೆ ಹೋಯಿತು. "ಶಿವನೇ, ಇದೇನ್ರೀ ಇದು? ನಿಮ್ಮನ್ನ ದಿವಂಗತ ಮಾಡವ್ರೆ!"

ಅಂಗಡಿಯಲ್ಲಿ ಗದ್ದಲವೆದ್ದಿತು. ತಾಯಿಯ ಹೆಸರಿನ ಮುಂದೆ ಇರಬೇಕಾದ ಎರಡು ಕೋಲು ಬದುಕಿರುವ ಮಗನ ಹೆಸರಿನ ಮುಂದೆ ಬಂದಿತ್ತು. ರುದ್ರಪ್ಪನವರ ತಂಗಿ ಅಳಲು ಶುರುಮಾಡಿದರು. ಅಕ್ಕಪಕ್ಕದ ಅಂಗಡಿಯವರು ಬಂದು ಬಾಗಿಲಲ್ಲಿ ನಿಂತರು. ಅಪ್ಪ ಬೆವರುತ್ತ, "ಯಾರು ಮಾಡಿದ್ದು ಇದು? ಚೀಟಿ ಬರೆದೋರು ಯಾರು?" ಎಂದು ಕೂಗಿದರು.

ಎಲ್ಲರೂ ನನ್ನ ಕಡೆ ನೋಡಿದರು. ರುದ್ರಪ್ಪನವರು, "ಮೊನ್ನೆ ತಾನೆ ಟೀಚರ್ ಕೆಲಸ ಸಿಕ್ತಲ್ಲ ನಿನ್ನ ಮಗಳಿಗೆ?" ಎಂದರು. ಆ ಮಾತು ನನ್ನನ್ನು ಚುಚ್ಚಿತು. ಬಾಯಿ ತಾನಾಗಿ ತೆರೆಯಿತು.

"ನಾನು ಸರಿಯಾಗೇ ಬರೆದುಕೊಟ್ಟಿದ್ದೆ. ಅವನಿಗೆ ಓದೋಕೇ ಬರಲ್ಲ. ಒಂದಕ್ಷರಾನೂ ಬರಲ್ಲ. ನಾನೇನು ಮಾಡ್ಲಿ?"

ಅಪ್ಪ ಪಾಲಯ್ಯನವರ ಕಡೆ ತಿರುಗಿ ನಂಬಲಾಗದವರಂತೆ, "ಏನಯ್ಯಾ? ಇಷ್ಟು ವರ್ಷ ನನ್ನ ಅಂಗಡಿ ಮುಂದೆ ಕೂತಿದ್ದೀಯ. ಓದಕ್ಕೆ ಬರಲ್ವಾ ನಿಂಗೆ?" ಎಂದರು.

"ಚೀಟಿ ತೋರಿಸು" ಎಂದರು ರುದ್ರಪ್ಪನವರು. ಪಾಲಯ್ಯನವರು ಜಗಲಿಗೆ ಹೋಗಿ ನಮಗೆ ಬೆನ್ನು ಮಾಡಿ ಕೂತರು. ನಾನು ನಿಂತ ಜಾಗದಿಂದ ಮಾತ್ರ ಅವರ ಕೈ ಕಾಣುತ್ತಿತ್ತು. ಮರಳಿನ ಚೀಲದ ಅಡಿಯಿಂದ ಚೀಟಿ ತೆಗೆದರು. ಮೇಲಿನ ಸಾಲಿನ ಮೇಲೆ ಬೆರಳಾಡಿಸಿದರು, ಆಮೇಲೆ ಕೆಳಗಿನ ಸಾಲಿನ ಮೇಲೆ. ಬೆರಳು ಮೊದಲ ಅಕ್ಷರದ ಹತ್ತಿರ ನಿಂತಿತು. ಓದಲು ಬಾರದವರಿಗೂ ಅಲ್ಲಿನ ಎರಡು ಕೋಲು ಸ್ಪಷ್ಟವಾಗಿ ಕಾಣುವಂಥದ್ದು. ತಲೆ ಹೊರಳಿಸಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಇಷ್ಟು ವರ್ಷ ನಾನು ಅದನ್ನು ಹೊತ್ತು ತಿರುಗುತ್ತಿರಲಿಲ್ಲ. ಚೀಟಿಯನ್ನು ಅರಗಿನ ಒಲೆಯ ಕೆಂಡಕ್ಕೆ ಹಾಕಿ ಎದ್ದು ಬಂದರು.

"ಚೀಟಿ ಸಿಗ್ಲಿಲ್ಲ ಸಾವ್ಕಾರ್ರೆ. ತಪ್ಪು ನಂದೇ. ಸಂಜೆ ಹೊತ್ತಿಗೆ ಸರಿ ಮಾಡಿಕೊಡ್ತೀನಿ."

ಅವತ್ತು ಅವರು ಮಾಡಿದ ಕೆಲಸವನ್ನು ಕೊನೆಯವರೆಗೂ ನೋಡಿದೆ. ಕಣ್ಣು ತಪ್ಪಿಸಬೇಕೆಂದರೂ ಆಗಲಿಲ್ಲ. ಮೊದಲು ಒಳಗಿನಿಂದ ಆ ಜಾಗವನ್ನು ಬಿಸಿ ಮಾಡಿ ಹಿತ್ತಾಳೆಯನ್ನು ಮೆದುವಾಗಿಸಿದರು. ಹೊರಗೆ ಆಸರೆಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಒಳಗಿನಿಂದ ಸುತ್ತಿಗೆಯಲ್ಲಿ ಸಣ್ಣ ಸಣ್ಣ ಪೆಟ್ಟು ಕೊಟ್ಟು ಕೊರೆದ ಗೆರೆಗಳನ್ನು ಮೇಲಕ್ಕೆ ತಂದರು. ಮೂರು ಮೂಲೆಯ ಹೆರೆಯುವ ಉಳಿಯಿಂದ ಅಂಚುಗಳನ್ನು ಸವರಿದರು. ಒಂದೇ ಕಡೆ ಹೆರೆದರೆ ತಗ್ಗು ಬೀಳುತ್ತದೆಂದು ಅಂಗೈಯಗಲ ಜಾಗವನ್ನೆಲ್ಲ ಸಮವಾಗಿ ಹೆರೆಯುತ್ತ ಹೋದರು. ಕೊನೆಗೆ ಸಾಬೂನು ನೀರು ಹಚ್ಚಿ ಉಕ್ಕಿನ ನುಣುಪು ಕಡ್ಡಿಯಿಂದ ಗಂಟೆಗಟ್ಟಲೆ ತಿಕ್ಕಿದರು. ಸಂಜೆಯ ಬಿಸಿಲಿನಲ್ಲಿ ಕೊಪ್ಪರಿಗೆಯನ್ನು ತಿರುಗಿಸಿ ನೋಡಿದಾಗ ಆ ಎರಡು ಕೋಲು ಎಲ್ಲಿದ್ದವೆಂದು ನನಗೇ ಹೇಳಲಾಗಲಿಲ್ಲ. ಮೇಲಿನ ಸಾಲಿಗೆ ಅವನ್ನು ಹೊಸದಾಗಿ ಕೊರೆಯುವ ಮುಂಚೆ ಅವರು ನನ್ನನ್ನು ಕೇಳಲಿಲ್ಲ. ಅಪ್ಪನನ್ನು ಕರೆದು, "ಸಾವ್ಕಾರ್ರೆ, ಎಲ್ಲಿ ಹಾಕ್ಲಿ, ಬೆರಳಿಟ್ಟು ತೋರ್ಸ್ರಿ" ಎಂದರು.

ರುದ್ರಪ್ಪನವರು ಕೊಪ್ಪರಿಗೆ ಒಯ್ದರು. ಆದರೆ ನಾನು ಆಡಿದ ಮಾತನ್ನು ತಿಕ್ಕಿ ಅಳಿಸುವ ಕಡ್ಡಿ ಯಾರ ಹತ್ತಿರವೂ ಇರಲಿಲ್ಲ. ವಾರದೊಳಗೆ ಪೇಟೆಗೆಲ್ಲ ಗೊತ್ತಾಯಿತು. ಗಿರಾಕಿಗಳು ಪಾಲಯ್ಯನವರ ತಲೆಯ ಮೇಲೆ ಬಗ್ಗಿ ನಿಂತು ಒಂದೊಂದೇ ಅಕ್ಷರ ಹೇಳತೊಡಗಿದರು. "ಇದು ಮ, ತಿಳೀತಾ? ಮ." ಕೆಲವರು ಹೆಸರು ಹಾಕಿಸದೆಯೇ ಪಾತ್ರೆ ಒಯ್ದರು. ಅವರು ಯಾರಿಗೂ ಎದುರಾಡಲಿಲ್ಲ. "ನಿಧಾನಂ" ಎನ್ನುವುದು ಮಾತ್ರ ಕೇಳಿಸದಾಯಿತು.

ಒಂದು ದಿನ ಪಕ್ಕದ ಜವಳಿ ಅಂಗಡಿಯ ಕೆಲಸಗಾರರು ಒಂದು ಸ್ಟೀಲ್ ತಟ್ಟೆ ತಂದು ಚೀಟಿ ಕೊಟ್ಟು ಹೋದರು. ಸ್ಟೀಲಿಗೆ ಉಳಿ ತಳ್ಳಿ ಕೊರೆಯುವುದು ಕಷ್ಟ, ಮೊನೆ ಮುರಿಯುತ್ತದೆ. ಅದಕ್ಕೆ ಚುಕ್ಕಿ ಚುಕ್ಕಿಯಾಗಿ ಹೊಡೆಯಬೇಕು. ಪಾಲಯ್ಯನವರು ಅರ್ಧ ಗಂಟೆ ಕೂತು ಹೊಡೆದು, ಎರಡು ತುದಿಗೂ ಮೊಗ್ಗಿಟ್ಟು ಕೊಟ್ಟರು. ಆ ಕೆಲಸಗಾರರು ತಟ್ಟೆಯನ್ನು ಎತ್ತಿ ಹಿಡಿದು ಬೀದಿಗೆಲ್ಲ ತೋರಿಸಿ ಕೇಕೆ ಹಾಕಿದರು. ಕೊನೆಗೆ ಅದನ್ನು ಪಾಲಯ್ಯನವರ ತೊಡೆಯ ಮೇಲೇ ಎಸೆದು, "ಇಟ್ಕಳಪ್ಪ, ನಿಂಗೇ" ಎಂದು ಹೋದರು.

ಪಾಲಯ್ಯನವರು ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಆ ಗಲಾಟೆಯ ದಿನದ ನಂತರ ಅವರಾಗಿಯೇ ನನ್ನ ಹತ್ತಿರ ಬಂದದ್ದು ಅದೇ ಮೊದಲು.

"ಟೀಚರಮ್ಮ, ಏನು ಬರೆದೈತೆ ಇದರಾಗೆ? ಯಾಕೆ ನಗ್ತಾರೆ ಅವರು?"

'ಓದು ಬಾರದ ಕತ್ತೆ' ಎಂದಿತ್ತು. ಚುಕ್ಕಿಗಳು ಒಂದೂ ಆಚೀಚೆ ಸರಿದಿರಲಿಲ್ಲ.

"ನಾಗರತ್ನಮ್ಮ ಅಂತ ಇದೆ" ಎಂದೆ. "ಅವರಿಗೆ ಮಾಡೋಕೆ ಕೆಲಸ ಇಲ್ಲ, ನಗ್ತಾರೆ ಬಿಡು."

ಅವರು ತಟ್ಟೆಯನ್ನು ನೋಡುತ್ತ ನಿಂತರು.

"ನಾಗರತ್ನಮ್ಮ ಎಷ್ಟು ಸಲ ಹಾಕಿಲ್ಲ ನಾನು. ಅದರಾಗೆ ಎರಡು ಮರಿ ಬರ್ತವೆ. ಇದರಾಗೆ ಒಂದೇ ಐತೆ."

ನಾನು ಒಳಗೆ ಪಾತ್ರೆ ಜೋಡಿಸಲು ಎದ್ದೆ. ಅವರು ಮತ್ತೆ ಕೇಳಲಿಲ್ಲ. ಆ ಶನಿವಾರ ಗೋಣಿತಾಟು, ಚೀಲ, ಉಳಿ, ಒಲೆ ಎಲ್ಲವನ್ನೂ ಕಟ್ಟಿಕೊಂಡು ಸಂಜೆಯ ಬಸ್ಸು ಹತ್ತಿದರು. ಸೋಮವಾರ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಅಪ್ಪ ಒಂದೆರಡು ಸಲ ಹೇಳಿಕಳಿಸಿದರು. ಕಣ್ಣು ಕಾಣಿಸುವುದಿಲ್ಲವಂತೆ ಎಂದು ಯಾರೋ ಸುದ್ದಿ ತಂದರು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅಪ್ಪನಿಗೆ ನಾನು ಏನನ್ನೂ ಹೇಳಲಿಲ್ಲ. ಅಪ್ಪ ಹೋಗುವವರೆಗೂ, ನನ್ನ ಮಗಳು ಸರಿಯಾಗೇ ಬರೆದುಕೊಟ್ಟಿದ್ದಳು ಎಂದೇ ನಂಬಿದ್ದರು.

ಕೆಲಸ ಸಿಕ್ಕ ಮೇಲೆ ಎರಡು ಊರು ಸುತ್ತಿ ಕೊನೆಗೆ ಮೊಳಕಾಲ್ಮೂರು ತಾಲ್ಲೂಕಿನ ಶಾಲೆಗೇ ವರ್ಗವಾಗಿ ಬಂದೆ. ಪಾಲಯ್ಯನವರ 'ಹಟ್ಟಿ' ನಾನು ದಿನಾ ಓಡಾಡುವ ಬಸ್ಸಿನ ದಾರಿಯಲ್ಲೇ ಇತ್ತು. ನಿಲ್ದಾಣ ಬಂದಾಗಲೆಲ್ಲ ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ಬಗ್ಗಿಸುತ್ತಿದ್ದೆ. ಮೂರು ವರ್ಷ ಹೀಗೇ ಕಳೆದೆ.

ಒಂದು ಜೂನ್ ತಿಂಗಳು, ಶಾಲೆಯ ದಾಖಲಾತಿಯ ಹೊತ್ತು. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಬಂದ ತಾಯಿಯ ಮುಂದೆ ರಿಜಿಸ್ಟರ್ ಸರಿಸಿ, "ಇಲ್ಲಿ ಸಹಿ ಮಾಡಮ್ಮ. ಬರುತ್ತಾ, ಹೆಬ್ಬೆಟ್ಟಾ?" ಎಂದೆ. ಅವಳು ಸುತ್ತ ನೋಡಿ, ಮಗಳ ಕಿವಿಯ ಮೇಲೆ ಕೈಯಿಟ್ಟು, "ಮೆಲ್ಲಗೆ ಮೇಡಂ" ಎಂದಳು. ಅವತ್ತು ಉಳಿದ ಪಾಠ ಮಾಡಲು ನನ್ನಿಂದಾಗಲಿಲ್ಲ. ಆ ಭಾನುವಾರ ಹಟ್ಟಿಯಲ್ಲಿ ಇಳಿದೆ. ಅಂಚೆಯವನೊಬ್ಬ ಅದೇ ಊರಿನವನಂತೆ, ಮನೆ ತೋರಿಸಿದ.

ಪಾಲಯ್ಯನವರು ಬೇವಿನ ಮರದಡಿ ಹಗ್ಗದ ಮಂಚದ ಮೇಲಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಉಸಿರಾಡುವಾಗ ಎದೆ ಗೊರಗೊರ ಎನ್ನುತ್ತಿತ್ತು. ಕಣ್ಣುಗಳು ಚೆನ್ನಾಗಿಯೇ ಇದ್ದವು. ದೂರದಿಂದಲೇ ಗುರುತು ಹಿಡಿದರು.

"ಬರ್ರಿ ಮೇಡಂ, ಬರ್ರಿ" ಎಂದರು. ಟೀಚರಮ್ಮ ಎನ್ನಲಿಲ್ಲ. ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು, "ಮಾರಕ್ಕಾ, ನೀಳ್ಳು ತೇ."

ಮಾರಕ್ಕ ನೀರು ತಂದರು, ಬೆಲ್ಲ ತಂದರು. ಮಳೆ, ಶೇಂಗಾ, ಅಪ್ಪ ತೀರಿಕೊಂಡದ್ದು, ಎಲ್ಲ ಮಾತಾಡಿದೆವು. ನಮ್ಮ ಅಂಗಡಿಯಲ್ಲಿ ಈಗ ಕರೆಂಟಿನ ಮಿಷನ್ನಿನಲ್ಲಿ ಹೆಸರು ಹಾಕುತ್ತಾರೆಂದು ಹೇಳಿದೆ. "ಒಳ್ಳೇದಾಯ್ತು, ಬೇಗ ಆಗ್ತೈತೆ" ಎಂದರು. ನಾನು ಬಂದದ್ದು ಬೇರೆ ಮಾತಿಗೆ. ಕೊನೆಗೆ ಹೇಳಿದೆ.

"ಪಾಲಯ್ಯನೋರೆ, ಆ ಕೊಪ್ಪರಿಗೆ ಚೀಟಿ ತಪ್ಪು ಬರೆದದ್ದು ನಾನು."

"ಗೊತ್ತೈತಲ್ಲ" ಎಂದರು.

"ಹಾಗಾದ್ರೆ ಅವತ್ತೇ ಯಾಕೆ ಚೀಟಿ ತೋರಿಸಲಿಲ್ಲ?"

"ತೋರ್ಸಿ ಏನು ಮಾಡ್ಬೇಕಿತ್ತು? ನಂಗೆ ಓದಕ್ಕೆ ಬರಲ್ಲ ಅಂತ ಅಷ್ಟು ಜನದ ಮುಂದೆ ನೀವು ಆಗ್ಲೇ ಅಂದಿದ್ರಿ. ನನ್ನ ಮರ್ಯಾದೆ ಹೋಗಿತ್ತು. ಚೀಟಿ ತೋರ್ಸಿದ್ರೆ ನಿಮ್ದೂ ಹೋಗ್ತಿತ್ತು. ನಂದೇನು ವಾಪಸ್ ಬರ್ತಿತ್ತಾ?"

ನಾನು ಅಳತೊಡಗಿದೆ. ಅವರು ಸಮಾಧಾನ ಹೇಳಲಿಲ್ಲ. ಅಳು ನಿಲ್ಲುವವರೆಗೂ ಬೇರೆ ಕಡೆ ನೋಡುತ್ತಿದ್ದು ಆಮೇಲೆ ಹೇಳಿದರು.

"ಆ ತಟ್ಟೆಯಾಗೆ ಏನಿತ್ತು ಅಂತ ಊರಿಗೆ ಬರೋ ದಿನ ತಿಳ್ಕಂಡೆ. ಬಸ್ಸಿನಾಗೆ ಕಂಡಕ್ಟರ್‌ಗೆ ತೋರ್ಸಿದೆ. ಪರಿಚಯಿಲ್ಲದೋನು. ನಗ್ಲಿಲ್ಲ ಪಾಪ. ಇದ್ದಿದ್ದು ಇದ್ದಂಗೆ ಓದಿ ಹೇಳ್ದ." ದಿಂಬಿಗೆ ಒರಗಿದರು. "ನಿಮ್ಮ ಬಾಯಾಗೇ ಕೇಳಿದ್ರೆ ಅಷ್ಟು ನೋವಾಗ್ತಿರಲಿಲ್ಲ ಮೇಡಂ."

ಅಷ್ಟರಲ್ಲಿ ನನಗೆ ದಾರಿ ತೋರಿಸಿದ್ದ ಅಂಚೆಯವನೇ ಮತ್ತೆ ಬಂದ. ನಿನ್ನೆಯ ಟಪಾಲು ಚೀಲದಲ್ಲೇ ಉಳಿದುಬಿಟ್ಟಿತ್ತು ಎಂದು ಒಂದು ನೀಲಿ ಕಾಗದ ಕೊಟ್ಟು ಹೋದ. ಮಾರಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು ಓಡಿಬಂದರು. ಹಿರಿಯೂರು ಕಡೆ ಕೊಟ್ಟಿದ್ದ ಮಗಳಿಗೆ ದಿನ ತುಂಬಿತ್ತು. ಮೊದಲ ಹೆರಿಗೆಯಲ್ಲೇ ಬಹಳ ಕಷ್ಟವಾಗಿತ್ತಂತೆ. ಹತ್ತು ದಿನದಿಂದ ಸುದ್ದಿಗೆ ಕಾಯುತ್ತಿದ್ದರು.

"ಮೇಡಮ್ಮೋರು ಇಲ್ಲೇ ಅವ್ರಲ್ಲ" ಎಂದರು ಮಾರಕ್ಕ. "ಓದ್ತಾರೆ. ಕೊಡು ಇತ್ತಾಗೆ."

ನಾನು ಕಣ್ಣೊರೆಸಿಕೊಂಡು ಕೈ ಚಾಚಿದೆ.

ಪಾಲಯ್ಯನವರು ಕಾಗದವನ್ನು ಕೊಡಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಒಡೆಯದೆ ಹಾಗೇ ದಿಂಬಿನ ಕೆಳಗೆ ಸೇರಿಸಿದರು.

"ಇರ್ಲಿ ಬಿಡ್ರಿ" ಎಂದರು, ಮೆತ್ತಗೆ. "ಮಗನ ಮಗಳು ಅವರವ್ವನ ಜೊತೆ ನೆಂಟರ ಊರಿಗೆ ಹೋಗವ್ಳೆ. ಸಂಜೆ ಬರ್ತಾಳೆ. ಮೂರನೇ ಕ್ಲಾಸು. ಕೂಡ್ಸಿ ಕೂಡ್ಸಿ ಓದ್ತಾಳೆ."

ಮಾರಕ್ಕ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಅವರಿಗೆ ಏನೂ ಅರ್ಥವಾಗಲಿಲ್ಲ. ಸಂಜೆಯಾಗಲು ಇನ್ನೂ ಐದಾರು ಗಂಟೆ ಇತ್ತು. ಆ ಮನೆಯಲ್ಲಿ ಆಗ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ.